ರಾಯಚೂರು ಪಿನ್‌ಕೋಡ್ 584101 ಹೆಂಗ ತಿರುಗಿಸಿದ್ರೂ 7ರಿಂದ ಭಾಗ ಹೋಗ್ತದ, ಯಾಕ?

ಲೆಕ್ಕದ_ಮಾಸ್ತರ್ (ರಾಯಚೂರು)

ನಮ್ಮ ರಾಯಚೂರಿನ ಪಿನ್‌ಕೋಡ್ 584101. ಇದನ್ನ 7ರಿಂದ ಭಾಗಿಸಿದ್ರ ಶೇಷ ಉಳಿಯಂಗಿಲ್ಲ, 83443 ಬರ್ತದ. ಅಷ್ಟೇ ಆಗಿದ್ರ ದೊಡ್ಡ ಮಾತಲ್ಲ, ಏಳು ಸಂಖ್ಯೆ ಸಾಲಾಗಿ ತಗೊಂಡ್ರ ಒಂದು ಹೋಗೇ ಹೋಗ್ತದ. ಮುಂದಿಂದು ನೋಡ್ರಿ. ಮುಂದಿನ 5 ತೆಗದು ಕೊನೀಗೆ ಹಚ್ರಿ, 841015 ಆಯ್ತು, ಅದೂ 7ರಿಂದ ಹೋಗ್ತದ, 120145. ಈಗ 8 ತೆಗದು ಕೊನೀಗೆ ಹಚ್ರಿ, 410158, ಅದೂ ಹೋಗ್ತದ, 58594. ಮತ್ತ 101584, ಅದು 7 × 14512. ಮುಂದ 015841, ಸೊನ್ನೆ ಬಿಟ್ರ 15841, ಅದು 7 × 2263. ಕೊನೀದು 158410, 7 × 22630. ಒಂದು ಸುತ್ತು ಹೊಡದು ವಾಪಸ್ 584101ಕ್ಕ ಬಂದ್ವಿ, ಎಲ್ಲೂ ಶೇಷ ಬೀಳಲಿಲ್ಲ.

ಪಿನ್‌ಕೋಡ್ ಶುರು ಆಗಿದ್ದು 1972ರ ಆಗಸ್ಟ್ 15ಕ್ಕ, ಶ್ರೀರಾಮ ಭಿಕಾಜಿ ವೆಲಣಕರ್ ಅವರು ಟಪಾಲು ವಿಂಗಡಣೆ ಸಲುವಾಗಿ ಮಾಡಿದ್ದು. ಮೊದಲಿನ ಮೂರು ಅಂಕಿ ವಿಂಗಡಣೆ ಜಿಲ್ಲೆ, ಕೊನೀ ಮೂರು ಆಯಾ ಪೋಸ್ಟಾಫೀಸು. ಗಣಿತದ ಸಲುವಾಗಿ ಮಾಡಿದ್ದಲ್ಲ ಖರೆ, ಆದ್ರ ಆರು ಅಂಕಿ ಇಟ್ಟಿದ್ರಿಂದ, ಅದೂ ಮೂರು ಮೂರು ಅಂಕಿ ಎರಡು ತುಕಡಿ ಆಗಿದ್ರಿಂದ, ಒಡದು ನೋಡೋರಿಗೆ ಭಾಳ ಅನುಕೂಲ ಆಗ್ಯದ. ಯಾಕ ಅನ್ನೋದನ್ನ ನಾನು ಈಗ ಹೇಳಂಗಿಲ್ಲ. ನಿಮ್ಮ ನಿಮ್ಮ ಊರಿನ ಪಿನ್ ತಗೊಂಡು ಅವಿಭಾಜ್ಯ ಅಪವರ್ತನ ಮಾಡಿ, ಅಂದ್ರ 1 ಮತ್ತ ತನ್ನ ಬಿಟ್ರ ಬ್ಯಾರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆಗಳ ಗುಣಾಕಾರವಾಗಿ ಒಡದು, ಇಲ್ಲಿ ಹಾಕ್ರಿ, ಹಾಳಿ ಪೆನ್ನು ತಗೊಂಡು ಮಾಡಿದ್ರ ಛಲೋ.

ಗವಿಮಠ_ರೋಡ್ (ಕೊಪ್ಪಳ)

ಮಾಸ್ತರ್ರ, ನಮ್ಮದು 583231. ಸಾಲ್ಯಾಗ ಕಲಿಸಿದ 11ರ ನಿಯಮ ಮೊದಲು ಹಚ್ಚಿದೆ, ಒಂದು ಬಿಟ್ಟು ಒಂದು ಅಂಕಿ ಕೂಡಿಸೋದು, 5+3+3 = 11, ಉಳಿದವು 8+2+1, ಅದೂ 11. ವ್ಯತ್ಯಾಸ ಸೊನ್ನೆ, ಅಂದ್ರ 11ರಿಂದ ಹೋಗ್ತೈತಿ, 53021 ಬರ್ತೈತಿ. ಇದನ್ನ ಒಡೀಲಿಕ್ಕೆ 7, 13, 17, 19, 23, 29, 31 ಎಲ್ಲಾ ಹಚ್ಚಿ ನೋಡಿದ್ರೂ ಶೇಷ ಉಳೀತು, 37ಕ್ಕ ಬಂದಾಗ ಬಿಚ್ಚಿತು, 37 × 1433. 1433ರ ವರ್ಗಮೂಲ 38ಕ್ಕಿಂತ ಕಡಿಮಿ ಐತಿ, ಹಂಗಾಗಿ 37ರ ತನಕ ನೋಡಿದ್ರ ಸಾಕು, ಯಾವುದೂ ಹೋಗಂಗಿಲ್ಲ, ಅದು ಅವಿಭಾಜ್ಯ.

583231 = 11 × 37 × 1433

ತಿರುಗಿಸೋದು ಸೈತ ಮಾಡಿದೆ. ನಮ್ಮದು 11 × 37, ಅಂದ್ರ 407ರಿಂದ ಹೋಗ್ತೈತಿ ನೋಡ್ರಿ, 832315 = 407 × 2045, 323158 = 407 × 794, 231583 = 407 × 569, 315832 = 407 × 776, 158323 = 407 × 389. ಆದ್ರ 1433ರಿಂದ ಮಾತ್ರ ತಿರುಗಿಸಿದ ಮ್ಯಾಲ ಹೋಗವಲ್ದು. 11, 37 ಉಳೀತಾವು, 1433 ಯಾಕ ಉಳಿಯಂಗಿಲ್ಲ?

ಬ್ರೂಸ್‌ಪೇಟೆ_ಹುಡುಗ (ಬಳ್ಳಾರಿ)

ಬಳ್ಳಾರಿ 583101. ಅಂಕಿ ಮೊತ್ತ 18, ಅದಕ್ಕೆ 9ರಿಂದ ಹೋಗುತ್ತೆ, 64789 ಉಳಿಯುತ್ತೆ. ಇಲ್ಲಿಂದ ಮುಂದೆ ಗಾಡಿ ಹೋಗ್ತಿಲ್ಲ ಸರ್, 61ರ ತನಕ ಬಂದಿದೀನಿ ಯಾವುದೂ ಹೋಗ್ತಿಲ್ಲ. ಒಂದೊಂದೇ ಭಾಗಿಸಿ ನೋಡೋದು ಬಿಟ್ಟು ಬೇರೆ ದಾರಿ ಐತಾ?

ಮಾನ್ವಿ_ಅಕ್ಕ

ಕೊಪ್ಪಳದ ಅಣ್ಣಾರ ಪ್ರಶ್ನೆಗೆ ಮೊದಲು ಹೇಳ್ತೀನಿ, ಮಾಸ್ತರ್ರು ಸಿಟ್ಟಾಗಬಾರದು.

ಮುಂದಿನ ಅಂಕಿ ತೆಗದು ಹಿಂದ ಹಚ್ಚೋದು ಅಂದ್ರ ಏನ್ ಮಾಡ್ತೀವಿ? ಮೊದಲು ಇಡೀ ಸಂಖ್ಯೆಗೆ 10ರಿಂದ ಗುಣಿಸ್ತೀವಿ. 584101 × 10 = 5841010. ಈಗ ಮುಂದಿನ 5 ಹತ್ತು ಲಕ್ಷದ ಮನ್ಯಾಗ ಅದ, ಅದನ್ನ ಅಲ್ಲಿಂದ ತೆಗೀಬೇಕು, ಬಿಡಿ ಸ್ಥಾನಕ್ಕ ತರಬೇಕು, ಅಂದ್ರ 5000000 ಕಳದು 5 ಕೂಡಿಸಬೇಕು, ಒಟ್ಟು 4999995 ಕಳದಂಗ, ಅದು 5 × 999999. ಮಾಡಿ ನೋಡ್ರಿ, 5841010 − 4999995 = 841015. ಸರಿ ಬಂತಲ್ಲ. ಹಂಗಾದ್ರ ತಿರುಗಿಸಿದ ಸಂಖ್ಯೆ ಅಂದ್ರ ಹಳೇ ಸಂಖ್ಯೆಯ ಹತ್ತು ಪಟ್ಟು, ಅದ್ರಾಗ 999999ರ ಒಂದಿಷ್ಟು ಪಟ್ಟು ಕಡಿಮಿ. ಯಾವ ಸಂಖ್ಯೆ 999999ನ್ನ ಭಾಗಿಸ್ತದೋ ಅದು ಎಷ್ಟು ತಿರುಗಿಸಿದ್ರೂ ಕೈ ಬಿಡಂಗಿಲ್ಲ.

999999 = 999 × 1001. 999 ಅಂದ್ರ 27 × 37. 1001 ಅಂದ್ರ 7 × 11 × 13. ಇಷ್ಟೇ ಅದರ ಅವಿಭಾಜ್ಯ ಅಪವರ್ತನ: 3, 7, 11, 13, 37. ರಾಯಚೂರಿಗೆ 7 ಅದ, ಕೊಪ್ಪಳಕ್ಕ 11, 37 ಎರಡೂ ಅವ. 1433 ಈ ಪಟ್ಟಿಯಾಗ ಇಲ್ಲ, ಅದಕ್ಕ ಉಳಿಯಂಗಿಲ್ಲ.

ಈಗ ಒಡೆಯೋ ದಾರಿ. ಆರು ಅಂಕಿ ಮೂರು ಮೂರು ಮಾಡ್ರಿ. 584101ರಾಗ 584, 101. ಕಳೀರಿ, 483. 483 = 7 × 69. 7ರಿಂದ ಹೋತು, 11, 13ರಿಂದ ಹೋಗಲಿಲ್ಲ, ಮೂಲ ಸಂಖ್ಯೆದೂ ಅದೇ ಹಣೆಬರಹ. ಯಾಕಂದ್ರ 584101 = 584 × 1001 − 483. ಇನ್ನ ಕಳಿಯೋದು ಬಿಟ್ಟು ಕೂಡಿಸಿದ್ರ 3, 9, 27, 37 ತಿಳೀತಾವು. ಕೊಪ್ಪಳ: 583 + 231 = 814 = 37 × 22. ಅಣ್ಣಾರು 31ರ ತನಕ ಭಾಗಿಸಿ 37 ಹುಡುಕ್ಯಾರ, ಒಂದು ಕೂಡಿಸೋದರಾಗ ಸಿಕ್ಕಿಬಿಡ್ತದ.

ಗಂಗಾವತಿ_ಪಿಯುಸಿ

ಅಕ್ಕಾರ ಸೂಪರ್ ರೀ!! ನಮ್ಮ ಗಂಗಾವತಿ 583227, ಕೂಡಿಸಿದ್ರ 810, ಅದು 27 × 30, ಹಂಗಾದ್ರ 27ರಿಂದ ಹೋಗಬೇಕು, ಹೋತು, 21601 ಬಂತು. ಅದನ್ನ 139ರ ತನಕ ನೋಡಿದೆ, ಯಾವುದೂ ಹೋಗಲಿಲ್ಲ, ವರ್ಗಮೂಲ 147ಕ್ಕಿಂತ ಕಡಿಮಿ, 139 ಆದ ಮ್ಯಾಲ ಮುಂದಿನ ಪ್ರೈಮ್ 149. ಅಂದ್ರ 583227 = 3 × 3 × 3 × 21601.

ಒಂದು ಡೌಟ್. ಕೊಪ್ಪಳದ 814 ಅಂದ್ರ 2 × 11 × 37. ಅದ್ರಾಗ 11 ಸೈತ ಐತಿ, ಕೊಪ್ಪಳ ಪಿನ್ 11ರಿಂದ ಸೈತ ಹೋಗ್ತೈತಿ. ಅಂದ್ರ ಕೂಡಿಸಿದ್ರ 11 ಕೂಡ ತಿಳೀತೈತಿ ಏನ್ರಿ? ಮಾನ್ವಿ 584123, ಕೂಡಿಸಿದ್ರ 707, ಅದು 7 × 101. ಹಂಗಾದ್ರ ಮಾನ್ವಿ 7ರಿಂದ ಹೋಗ್ಬೇಕಲ್ಲ?

ಲೆಕ್ಕದ_ಮಾಸ್ತರ್ (ರಾಯಚೂರು)

ಇಂಥ ಪ್ರಶ್ನೆ ಕೇಳಬೇಕು ತಮ್ಮಾ. 584123ನ್ನ 7ರಿಂದ ಭಾಗಿಸು, 83446 ಬರ್ತದ, ಶೇಷ 1. ಹೋಗಂಗಿಲ್ಲ. ಕೂಡಿಸಿದ ಮೊತ್ತ 999ರ ಪರವಾಗಿ ಅಷ್ಟೇ ಮಾತಾಡ್ತದ. 584123 = 584 × 999 + 707, ಇದ್ರಾಗ 584 × 999 ಅನ್ನೋದು 7ರಿಂದ ಹೋಗಂಗಿಲ್ಲ, ಹಂಗಿದ್ದಾಗ 707 ಒಂದೇ ಹೋದ್ರ ಏನು ಬಂತು. 7, 11, 13 ಬೇಕಂದ್ರ ಕಳೀಲೇಬೇಕು: 584 − 123 = 461, ಇದು ಮೂರರಿಂದಲೂ ಹೋಗಂಗಿಲ್ಲ.

ಹಂಗಾದ್ರ ಕೊಪ್ಪಳದಾಗ 814ರೊಳಗ 11 ಯಾಕ ಬಂತು? ಅದಕ್ಕ ಬ್ಯಾರೆ ಕಾರಣ ಅದ, ಅದು ಬಳ್ಳಾರಿ ಕೊಪ್ಪಳದ ಎಲ್ಲಾರಿಗೂ ಉಪಯೋಗ ಆಗೋ ಮಾತು. 583 ಅಂದ್ರನ 11 × 53. ಹಂಗಾಗಿ 583ರಿಂದ ಶುರು ಆಗೋ ಯಾವ ಪಿನ್ ತಗೊಂಡ್ರೂ 583000 ತಾನಾಗೇ 11ರಿಂದ ಹೋಗ್ತದ, ಕೊನೀ ಮೂರು ಅಂಕಿ ಅಷ್ಟೇ ನೋಡಿದ್ರ ಸಾಕು. 231 = 11 × 21, ಹೋತು. ಸಿರುಗುಪ್ಪ 583121, 121 = 11 × 11, ಅದೂ ಹೋತು. ಮತ್ತ ಸಿರುಗುಪ್ಪಕ್ಕ 583 − 121 = 462, ಅದ್ರಾಗ 7 ಸೈತ ಅದ, ಪೂರಾ ಒಡದ್ರ 7 × 11 × 7573.

ನಮ್ಮ 584 ಹಂಗಲ್ಲ, 8 × 73.

ಸಿಂಧನೂರು_ಭತ್ತ

ಹಂಗಿದ್ರ ಸಿಂಧನೂರು ಭಾರಿ ಹಗುರ ಐತಲ್ರೀ. 584128. 584ರಾಗ 8 ಐತಿ, 128ರಾಗ 8 ಐತಿ, 8ರಿಂದ ಭಾಗಿಸಿದ್ರ 73, 016 ಅಂತ ಬಾಯಿಲೆಕ್ಕದಾಗ ಬರ್ತೈತಿ, 73016. ಮತ್ತ ಅರ್ಧ ಮಾಡ್ಕೊಂತ ಹೋದ್ರ 36508, 18254, 9127. ಇದು ಬೆಸ. 9127 ಅವಿಭಾಜ್ಯ ಅಂತ ಬಂತು, 89ರ ತನಕ ನೋಡಿದೆ. ಆರು 2, ಒಂದು 9127. ಮುಗೀತು.

ಸಂಡೂರು_ಮೈನ್ಸ್

ಸಂಡೂರು 583119, ಕೂಡಿಸಿದ್ರೆ 702, 27 × 26. 27 ತೆಗೆದ್ರೆ 21597, ಅದರ ಅಂಕಿ ಮೊತ್ತ 24, ಇನ್ನೊಂದು 3 ಐತೆ, 7199. ಇದು 23 × 313. ಒಟ್ಟು 583119 = 3⁴ × 23 × 313. ಇಲ್ಲಿ ತನಕ ಬಂದಿರೋದ್ರಲ್ಲಿ ಇದರಷ್ಟು ಚೂರುಚೂರಾಗಿ ಒಡೆದಿರೋದು ಯಾವುದೂ ಇಲ್ಲ, ಸಿಂಧನೂರಿನ ಎರಡುಗಳನ್ನ ಬಿಟ್ರೆ. ದೊಡ್ಡ ಅಪವರ್ತನ ಬರೀ 313.

ಬಳ್ಳಾರಿ ತಮ್ಮ ಇನ್ನೂ ಅಲ್ಲೇ ಇದಾನೆ, ಯಾರಾದ್ರೂ ನೋಡಿ. 583 − 101 = 482, ಅದು 7, 11, 13 ಯಾವುದರಿಂದಲೂ ಹೋಗಲ್ಲ. 583 + 101 = 684, 9 ಐತೆ, 37 ಇಲ್ಲ. ಮೂರು ಮೂರು ಮಾಡೋ ದಾರಿ ಅಲ್ಲಿಗೆ ಮುಗೀತು.

ಮಾನ್ವಿ_ಅಕ್ಕ

ತಮ್ಮಾ ಬ್ರೂಸ್‌ಪೇಟೆ, 61ರ ತನಕ ಬಂದೀಯಲ್ಲ, ಇನ್ನೊಂದೇ ಹೆಜ್ಜಿ ಅದ. 67.

ಇದಕ್ಕ ಒಂದು ಛಲೋ ನಿಯಮ ಅದ. 201 = 3 × 67. ಅಂದ್ರ 67ರ ಲೆಕ್ಕದಾಗ 200 ಅನ್ನೋದು −1 ಇದ್ದಂಗ. ಹಂಗಾಗಿ ಯಾವ ಸಂಖ್ಯೆ ಇದ್ರೂ ಕೊನೀ ಎರಡು ಅಂಕಿ ಬ್ಯಾರೆ ಮಾಡು, ಅದನ್ನ ಎರಡರಿಂದ ಗುಣಿಸಿ ಉಳಿದ ಮುಂದಿನ ಭಾಗದಿಂದ ಕಳಿ. 583101 ತಗೋ: ಮುಂದಿಂದು 5831, ಹಿಂದಿಂದು 01, ಎರಡು ಪಟ್ಟು 2, ಕಳದ್ರ 5829. ಮತ್ತ ಮಾಡು: 58, 29, ಎರಡು ಪಟ್ಟು 58, ಕಳದ್ರ ಸೊನ್ನೆ! ಪೂರ್ತಿ 67ರಿಂದ ಹೋಗ್ತದ.

64789 = 67 × 967, 967 ಅವಿಭಾಜ್ಯ. ಬಳ್ಳಾರಿ ಅಂದ್ರ 3 × 3 × 67 × 967. 58ರಿಂದ 29ರ ಎರಡು ಪಟ್ಟು ಕಳದಾಗ ಸೊನ್ನೆ ಬೀಳೋದು ನೋಡಿದ್ರ ನನಗ ಭಾಳ ಖುಷಿ ಆಗ್ತದ, ಭಾಗಾಕಾರ ಮಾಡ್ದನ ಉತ್ತರ ಕೈಗೆ ಬಂತಲ್ಲ.

ಬ್ರೂಸ್‌ಪೇಟೆ_ಹುಡುಗ (ಬಳ್ಳಾರಿ)

ಅಕ್ಕ ಥ್ಯಾಂಕ್ಸ್. ಇದೇ ಥರ ಬೇರೆ ಪ್ರೈಮ್‌ಗೂ ನಾವೇ ನಿಯಮ ಮಾಡ್ಕೋಬಹುದು ಅಲ್ವಾ, 100ರ ಹತ್ತಿರ ಇಲ್ಲಾ 200, 300ರ ಹತ್ತಿರ ಅದರ ಗುಣಕ ಹುಡುಕಿದ್ರೆ ಆಯ್ತು. 299 = 13 × 23, ಅಂದ್ರೆ 23ಕ್ಕೆ ಮುಂದಿನ ಭಾಗಕ್ಕೆ ಕೊನೇ ಎರಡು ಅಂಕಿಯ ಮೂರು ಪಟ್ಟು ಕೂಡಿಸಬೇಕು. ಸಂಡೂರಿನ 7199 ಮೇಲೆ ನೋಡಿದೆ: 71 + 297 = 368 = 23 × 16. ಕೆಲಸ ಮಾಡುತ್ತೆ!

ಈಗ ಮಾನ್ವಿ ಒಂದೇ ಉಳಿದಿರೋದು. 584123. ಯಾವ ನಿಯಮ ಹಾಕಿದ್ರೂ ಬಗ್ಗಲ್ಲ. ಅದೇ ಅವಿಭಾಜ್ಯ ಇರ್ಬೇಕು ಅನ್ಸುತ್ತೆ.

ಲೆಕ್ಕದ_ಮಾಸ್ತರ್ (ರಾಯಚೂರು)

ಅಪವರ್ತನ ಸಿಗಲಿಲ್ಲ ಅಂದ ಮಾತ್ರಕ್ಕ ಅವಿಭಾಜ್ಯ ಅನ್ನಂಗಿಲ್ಲ. ಇಲ್ಲಿಂದ ಮುಂದ ವಿಷಯ ನಿಜವಾಗ್ಲೂ ಬಿಗಿ ಆಗ್ತದ, ಸ್ವಲ್ಪ ಸಮಾಧಾನದಿಂದ ಓದ್ರಿ.

584123ರ ವರ್ಗಮೂಲ 764 ಚಿಲ್ಲರೆ. ಅವಿಭಾಜ್ಯ ಅಂತ ಖಾತ್ರಿ ಮಾಡಬೇಕಂದ್ರ 764ರೊಳಗಿನ ಎಲ್ಲಾ ಅವಿಭಾಜ್ಯ ಸಂಖ್ಯೆ ಹಚ್ಚಬೇಕು, ಅವು 135 ಅವ. ಅದಕ್ಕ ಮೊದಲು ಇನ್ನೊಂದು ಪರೀಕ್ಷೆ ಅದ, ಫ್ರೆಂಚ್ ಗಣಿತಜ್ಞ ಫರ್ಮಾ ಅವರದು, 1640ರದು. p ಅನ್ನೋದು 2ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಇದ್ರ 2ರ ಘಾತ p − 1 ತಗೊಂಡು p ಇಂದ ಭಾಗಿಸಿದ್ರ ಶೇಷ 1 ಬರಲೇಬೇಕು. ಬರಲಿಲ್ಲ ಅಂದ್ರ ಅದು ಅವಿಭಾಜ್ಯ ಅಲ್ಲ, ಮಾತು ಮುಗೀತು.

2ರ ಘಾತ 584122 ಅಂದ್ರ ಹೆದರಬ್ಯಾಡ್ರಿ, ಅಷ್ಟು ಸಲ ಗುಣಿಸೋದು ಇಲ್ಲ. ವರ್ಗ ಮಾಡು, 584123ರಿಂದ ಭಾಗಿಸಿ ಶೇಷ ಇಟ್ಕೋ, ಮತ್ತ ವರ್ಗ ಮಾಡು, ನಡುನಡುವ ಬೇಕಾದಲ್ಲಿ ಎರಡು ಪಟ್ಟು ಮಾಡು. 19 ವರ್ಗಕ್ಕ ಮುಗೀತದ, ಯಾಕಂದ್ರ 584122 ದ್ವಿಮಾನದಾಗ, ಅಂದ್ರ ಬರೀ 0, 1 ಅಂಕಿಯಾಗ, ಬರದ್ರ 20 ಅಂಕಿ ಆಗ್ತದ. ಶೇಷ 1 ಬರಂಗಿಲ್ಲ. ಅಂದ್ರ ಮಾನ್ವಿ ಅವಿಭಾಜ್ಯ ಅಲ್ಲ, ಒಡಿಯೋ ಸಂಖ್ಯೆನೇ. ಆದ್ರ ಯಾವುದರಿಂದ ಒಡೀತದ ಅಂತ ಈ ಪರೀಕ್ಷೆ ಒಂದು ಸುಳಿವೂ ಕೊಡಂಗಿಲ್ಲ!

ಉಲ್ಟಾ ಮಾತ್ರ ನಂಬಬ್ಯಾಡ್ರಿ. ಶೇಷ 1 ಬಂತು ಅಂದ್ರ ಅವಿಭಾಜ್ಯ ಅಂತ ಅಲ್ಲ. 341 ಅಂದ್ರ 11 × 31, ಆದ್ರೂ 2ರ ಘಾತ 340ನ್ನ 341ರಿಂದ ಭಾಗಿಸಿದ್ರ ಶೇಷ 1 ಬರ್ತದ.

ಗಂಗಾವತಿ_ಪಿಯುಸಿ

ಸರ ಇದು ತಲಿಗೆ ಹೋಗವಲ್ದು. ಅಪವರ್ತನ ಗೊತ್ತಿಲ್ಲದ ಅಪವರ್ತನ ಐತಿ ಅಂತ ಹೆಂಗ ಹೇಳ್ತಾರ? ಎಷ್ಟು ದಿನ ಬೇಕಾದ್ರೂ ಹಂಗೇ ಉಳೀತೈತಾ, ಐತಿ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲ?

ಸಂಡೂರು_ಮೈನ್ಸ್

ಉಳಿದಿತ್ತು, 27 ವರ್ಷ ಉಳಿದಿತ್ತು. ಬಳ್ಳಾರಿಯ 67 ನೋಡಿದಾಗಿಂದ ಇದನ್ನ ಬರೀಬೇಕು ಅಂತಿದ್ದೆ.

2ರ ಘಾತ 67, ಅದರಲ್ಲಿ 1 ಕಳೆದ್ರೆ 147573952589676412927, ಇಪ್ಪತ್ತೊಂದು ಅಂಕಿ. 1644ರಲ್ಲಿ ಮರ್ಸೆನ್ ಅನ್ನೋ ಫ್ರೆಂಚ್ ಪಾದ್ರಿ ಈ ಥರದ ಸಂಖ್ಯೆಗಳಲ್ಲಿ ಯಾವ್ಯಾವುದು ಅವಿಭಾಜ್ಯ ಅಂತ ಪಟ್ಟಿ ಕೊಟ್ಟಿದ್ರು, ಅದರಲ್ಲಿ 67 ಕೂಡ ಇತ್ತು. ಇನ್ನೂರು ವರ್ಷದ ಮೇಲೆ ಅದು ಹಂಗೇ ನಡೀತು. 1876ರಲ್ಲಿ ಲೂಕಾ ಅನ್ನೋರು ಇದು ಅವಿಭಾಜ್ಯ ಅಲ್ಲ ಅಂತ ಸಾಧಿಸಿದ್ರು, ಆದ್ರೆ ಒಂದು ಅಪವರ್ತನವೂ ಕೈಗೆ ಸಿಕ್ಕಿರಲಿಲ್ಲ, ಈಗ ಮಾಸ್ತರ್ರು ಮಾನ್ವಿಗೆ ಹೇಳಿದ್ರಲ್ಲ ಅದೇ ಪರಿಸ್ಥಿತಿ. ಆಮೇಲೆ 1903ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅನ್ನೋ ಪ್ರೊಫೆಸರ್ ಬೋರ್ಡ್ ಹತ್ರ ಹೋಗಿ ಒಂದು ಕಡೆ 2ರ ಘಾತ 67 ಲೆಕ್ಕ ಮಾಡಿ 1 ಕಳೆದ್ರು, ಇನ್ನೊಂದು ಕಡೆ 193707721 × 761838257287 ಗುಣಿಸಿದ್ರು, ಎರಡೂ ಒಂದೇ ಬಂತು. ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ ಅಂತಾರೆ.

ಅಕ್ಕಾರ ಮೂರು ಮೂರು ಮಾಡೋ ದಾರಿ ಇದಕ್ಕೂ ಹಾಕಿ ನೋಡಿದೆ, ದೊಡ್ಡ ಸಂಖ್ಯೆಗೆ ಒಂದು ಬಿಟ್ಟು ಒಂದು ತುಕಡಿ ಕೂಡಿಸಿ ಕಳೀಬೇಕು: 927 − 412 + 676 − 589 + 952 − 573 + 147 = 1128. 7ರಿಂದ ಇಲ್ಲ, 11ರಿಂದ ಇಲ್ಲ, 13ರಿಂದ ಇಲ್ಲ. ಸಿಗೋದೂ ಇಲ್ಲ, ಯಾಕಂದ್ರೆ ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವಾದ್ರೂ 134ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು. 193707721ರಲ್ಲಿ 1 ಕಳೆದು 134ರಿಂದ ಭಾಗಿಸಿ, ಸರಿಯಾಗಿ 1445580 ಬರುತ್ತೆ. ಇಷ್ಟು ಗೊತ್ತಿದ್ರೂ ಹದಿನಾಲ್ಕು ಲಕ್ಷದ ಮೇಲೆ ಇರೋ ಆ ಒಂದನ್ನ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹುಡುಕಿದಾರೆ, ಅದಕ್ಕೆ ಕೋಲ್ ಹೆಸರು ಕೇಳಿದ್ರೆ ಕೈ ಮುಗಿಯೋ ಹಂಗೆ ಆಗುತ್ತೆ ನನಗೆ.

ಮಾನ್ವಿ_ಅಕ್ಕ

ನಮ್ಮೂರಿನ ಗಂಟು ಬಿಚ್ಚಿತು. ಒಂದೊಂದೇ ಅವಿಭಾಜ್ಯ ಸಂಖ್ಯೆ ಹಚ್ಕೊಂತ ಹೋದೆ, 56ನೇ ಅವಿಭಾಜ್ಯ ಸಂಖ್ಯೆಗೆ ಸಿಕ್ತು.

584123 = 263 × 2221

ತಾಳೆ ನೋಡ್ರಿ: 263 × 2000 = 526000, 263 × 200 = 52600, 263 × 20 = 5260, 263 × 1 = 263. ಕೂಡಿಸಿದ್ರ 584123. 263 ಅವಿಭಾಜ್ಯ, 2221 ಅವಿಭಾಜ್ಯ.

ಗುಣಿಸೋದು ನಾಕು ಸಾಲು, ಒಂದು ನಿಮಿಷದ ಕೆಲಸ. ಅದನ್ನೇ ಬಿಚ್ಚೋದು ಅಂದ್ರ ಎಷ್ಟೊತ್ತು ಹಿಡೀತು ಇಲ್ಲಿ ಎಲ್ಲಾರಿಗೂ ಗೊತ್ತದ. ಈ ಅಂತರದ ಮ್ಯಾಲೇ ಬ್ಯಾಂಕಿನ ಬೀಗ ನಿಂತಾವು. 1977ರಾಗ ರಿವೆಸ್ಟ್, ಶಮೀರ್, ಏಡಲ್ಮನ್ ಮೂರು ಮಂದಿ ಮಾಡಿದ ಆರ್‌ಎಸ್‌ಎ ವಿಧಾನ ಇದೇ, ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಪ್ತವಾಗಿ ಇಟ್ಕೋತಾರ, ಗುಣಲಬ್ಧ ಬಹಿರಂಗ ಮಾಡ್ತಾರ. ಅವರು ಸವಾಲು ಅಂತ ಒಗದ 129 ಅಂಕಿಯ ಸಂಖ್ಯೆ 1994ರಾಗ ಒಡೀತು. 250 ಅಂಕಿಯದು 2020ರಾಗ. ಈಗ ಬಳಸೋದು 2048 ಬಿಟ್‌ನದು, ಅಂದ್ರ ದ್ವಿಮಾನದಾಗ 2048 ಅಂಕಿಯದು, ದಶಮಾನದಾಗ ಬರದ್ರ 617 ಅಂಕಿ. ಮಾನ್ವಿಯಂಥಾದ್ದೇ, ಎರಡೇ ಅಪವರ್ತನ, ಎರಡೂ ದೊಡ್ಡವು. ಸಿಂಧನೂರಿನಂಥ ಸಂಖ್ಯೆ ಇಟ್ರ ಅರ್ಧ ಮಾಡ್ಕೊಂತ ಹೋಗಿ ಬಿಚ್ಚಿಬಿಡ್ತಾರ.

ಸಿಂಧನೂರು_ಭತ್ತ

ಅಕ್ಕಾರ ಮಾತು ಖರೆ ಐತಿ. ನಾನೂ ಅರ್ಧ ಮಾಡ್ಕೊಂತನೇ ಹೋಗಿದ್ದು.

ಗವಿಮಠ_ರೋಡ್ (ಕೊಪ್ಪಳ)

ಮರ್ಸೆನ್, ಕೋಲ್ ಎಲ್ಲಾ ಆತು, ನಮ್ಮ ಕಡಿಯೋರ ಮಾತೂ ಬರಲಿ. 1001, 999, 37 ಅಂತ ಮ್ಯಾಲ ಬಂತಲ್ಲ, ಅದನ್ನೆಲ್ಲಾ ಇಟ್ಕೊಂಡು ಆಟ ಆಡಿದೋರು ನಮ್ಮ ಮಳಖೇಡದಾಗ ಇದ್ರು, ಸಾವಿರದ ನೂರು ವರ್ಷಕ್ಕಿಂತ ಹಿಂದ. ಮಹಾವೀರಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ, ಸುಮಾರು ಕ್ರಿ.ಶ. 850. ರಾಜಧಾನಿ ಮಾನ್ಯಖೇಟ, ಅಂದ್ರ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಅರಸನ ಆಸ್ಥಾನದಾಗ ಹುಟ್ಟಿದ ಕವಿರಾಜಮಾರ್ಗದಾಗ ನಮ್ಮ ಕೊಪ್ಪಳದ ಹೆಸರು, ಕೊಪಣ ನಗರ ಅಂತ, ತಿರುಳ್ಗನ್ನಡದ ನಾಡಿನೊಳಗ ಬರ್ತೈತಿ, ಹಂಗಾಗಿ ನನಗ ಮಹಾವೀರಾಚಾರ್ಯರು ಪಕ್ಕದ ಊರಿನ ಹಿರೇರ ಅನ್ನಿಸ್ತಾರ.

ಅವರ ಗಣಿತಸಾರಸಂಗ್ರಹದಾಗ ಒಂದು ಸಂಖ್ಯೆ ಐತಿ. ಒಂದರಿಂದ ಆರರ ತನಕ ಏರಿ ಮತ್ತ ಕ್ರಮವಾಗಿ ಇಳಿಯೋದು: 12345654321. ಹಿಂದಿಂದ ಓದಿದ್ರೂ ಅದೇ, ಮುಂದಿಂದ ಓದಿದ್ರೂ ಅದೇ, ಹಾರದಂಗ. ನಮ್ಮ ಮಾತಿನಾಗ 1,234 ಕೋಟಿ 56 ಲಕ್ಷ 54 ಸಾವಿರದ 321. ಗುಣಾಕಾರದ ಲೆಕ್ಕದಾಗ 27994681 ಮತ್ತ 441 ಗುಣಿಸಿದ್ರ ಇದು ಬರ್ತೈತಿ. ಕೈಲೆ ಮಾಡಿ ನೋಡಿದೆ, 27994681 × 400 = 11197872400, ಅದಕ್ಕ 27994681 × 41 = 1147781921 ಕೂಡಿಸಿದ್ರ ಅಂಕಿ ಒಂದೊಂದೇ ಸಾಲು ಹಚ್ಚಿ ನಿಲ್ತಾವು, 12345654321.

ಗಂಗಾವತಿ_ಪಿಯುಸಿ

ಅಣ್ಣಾ ಇದನ್ನ ಮೂರು ಮೂರು ಮಾಡಿದೆ!! 12, 345, 654, 321. ಒಂದು ಬಿಟ್ಟು ಒಂದು: 321 − 654 + 345 − 12 = 0. ಸೊನ್ನೇ ಬಂತು! ಅಂದ್ರ 7, 11, 13 ಮೂರರಿಂದಲೂ ಹೋಗ್ತೈತಿ. ಕೂಡಿಸಿದ್ರ 1332 = 37 × 36, ಅಂದ್ರ 37 ಐತಿ, 9 ಐತಿ, 27 ಇಲ್ಲ. ರಾಯಚೂರು, ಸಿರುಗುಪ್ಪ, ಕೊಪ್ಪಳ ಪಿನ್ ಒಡದ 7, 11, 37 ಎಲ್ಲಾ ಇದ್ರಾಗ ಅದಾವು!

ಲೆಕ್ಕದ_ಮಾಸ್ತರ್ (ರಾಯಚೂರು)

ಭೇಷ್ ತಮ್ಮಾ. ಇನ್ನ ಒಂದು ಹೆಜ್ಜಿ ಮುಂದ ಹೋಗು. 12345654321 ಅಂದ್ರ 111111 × 111111, ಆರು ಒಂದುಗಳ ವರ್ಗ. 111111 = 111 × 1001 = 3 × 37 × 7 × 11 × 13. ವರ್ಗ ಆಗಿದ್ರಿಂದ ಐದೂ ಅವಿಭಾಜ್ಯ ಸಂಖ್ಯೆ ಎರಡೆರಡು ಸಲ ಬರ್ತಾವು. ಅದನ್ನ ಮಹಾವೀರಾಚಾರ್ಯರು ಹೆಂಗ ಹಂಚ್ಯಾರ ನೋಡು: 441 ಅಂದ್ರ 21ರ ವರ್ಗ, 3 ಮತ್ತ 7 ಅದ್ರಾಗ ಹೋದ್ವು. 27994681 ಅಂದ್ರ 5291ರ ವರ್ಗ, 5291 = 11 × 13 × 37. ಬಾಯಿಗೆ ಬಂದ ಎರಡು ಸಂಖ್ಯೆ ಹಿಡದು ಗುಣಿಸಿದ್ರ ಹಾರ ಆಗಂಗಿಲ್ಲ, ಅಪವರ್ತನದ ರಚನೆ ಗೊತ್ತಿದ್ದೋರು ಮಾತ್ರ ಇಂಥ ಲೆಕ್ಕ ಕಟ್ಟತಾರ.

ಒಟ್ಟು ಎಷ್ಟು ಸಂಖ್ಯೆಯಿಂದ ಇದು ಭಾಗ ಹೋಗ್ತದ? ಪ್ರತಿ ಅವಿಭಾಜ್ಯಕ್ಕೂ ಮೂರು ಆಯ್ಕೆ, ಇಲ್ಲ, ಒಂದು ಸಲ, ಎರಡು ಸಲ. 3 × 3 × 3 × 3 × 3 = 243. ಮಾನ್ವಿ 584123ಕ್ಕ 1 ಮತ್ತ ಅದೇ ಸಂಖ್ಯೆ ಹಿಡದು ನಾಕೇ ನಾಕು.

ಅದೇ ಗ್ರಂಥದಾಗ ಇನ್ನೊಂದು ಅದ, 152207 × 73 = 11111111, ಎಂಟು ಒಂದು. ಇದು ಯಾಕ ಹಿಂಗ ಅಂದ್ರ 10001 = 73 × 137, ಮತ್ತ 11111111 = 1111 × 10001, 1111 = 11 × 101.

ಬ್ರೂಸ್‌ಪೇಟೆ_ಹುಡುಗ (ಬಳ್ಳಾರಿ)

ಸರ್ ಒಂದು ನಿಮಿಷ. 584 = 8 × 73 ಅಂತ ನೀವೇ ಹೇಳಿದ್ರಿ. ಹಂಗಾದ್ರೆ ನಿಮ್ಮ ರಾಯಚೂರಿನ 584ನ್ನ 152207ರಿಂದ ಗುಣಿಸಿದ್ರೆ 88888888 ಬರಬೇಕು.

152207 × 500 = 76103500
152207 × 84 = 12785388
ಕೂಡಿಸಿದ್ರೆ 88888888. ಬಂತು!

ಮಾನ್ವಿ_ಅಕ್ಕ

ಇದು ನನಗ ಹೊಳದಿರಲೇ ಇಲ್ಲ ತಮ್ಮಾ, ಭಾಳ ಛಂದ ಹುಡುಕೀದಿ.

ಸಿಂಧನೂರು_ಭತ್ತ

ಆರು ಅಂಕಿಗೆ 3-3 ಮಾಡಿದ್ವಿ. ಮೊಬೈಲ್ ನಂಬರ್ 10 ಅಂಕಿ ಐತಿ, ಅದಕ್ಕ ಹೆಂಗ್ರಿ?

ನಿರ್ವಾಹಕ

ನಂಬರ್ ಮಾತು ಬಂತಂತ ಮೊದಲೇ ಹೇಳ್ತೀನಿ, ಯಾರೂ ತಮ್ಮ ಮೊಬೈಲ್ ನಂಬರ್ ಆಗ್ಲಿ ಬ್ಯಾರೆಯವರದಾಗ್ಲಿ ಇಲ್ಲಿ ಹಾಕಬ್ಯಾಡ್ರಿ, ಅದರ ಅಪವರ್ತನ ಸೈತ ಹಾಕಬ್ಯಾಡ್ರಿ, ಗುಣಿಸಿದ್ರ ನಂಬರ್ ಸಿಗ್ತದ. ಮನ್ಯಾಗ ಹಾಳಿ ಮ್ಯಾಲ ಮಾಡ್ಕೊಳ್ರಿ.

ಲೆಕ್ಕದ_ಮಾಸ್ತರ್ (ರಾಯಚೂರು)

ನಿರ್ವಾಹಕರು ಹೇಳಿದ್ದು ಸರಿ ಅದ. 10 ಅಂಕಿಗೆ 5-5 ಮಾಡ್ರಿ. ಕಳದ್ರ 100001ರ ಪರೀಕ್ಷೆ, ಅದು 11 × 9091. ಕೂಡಿಸಿದ್ರ 99999ರ ಪರೀಕ್ಷೆ, ಅದು 9 × 41 × 271. ಅಂದ್ರ ಕಳದು ಬಂದಿದ್ದು 11ರಿಂದ ಹೋದ್ರ ನಂಬರ್ 11ರಿಂದ ಹೋಗ್ತದ, ಕೂಡಿಸಿ ಬಂದಿದ್ದು 41ರಿಂದ ಇಲ್ಲಾ 271ರಿಂದ ಹೋದ್ರ ನಂಬರೂ ಅದರಿಂದ ಹೋಗ್ತದ, ಮತ್ತ ಅಂಥ ನಂಬರ್ ತಿರುಗಿಸಿದ್ರೂ ಹೋಗ್ತದ. 7, 13, 37 ಇದ್ರಾಗ ಸಿಗಂಗಿಲ್ಲ, ಅವು ಬೇಕಂದ್ರ ಹಿಂದಿನಿಂದ ಮೂರು ಮೂರು ಮಾಡಿ ಪಿನ್‌ಕೋಡಿಗೆ ಮಾಡಿದ್ದನ್ನೇ ಮಾಡಬೇಕು, ಮುಂದ ಒಂದು ಅಂಕಿ ಒಂಟಿ ಉಳೀತದ, ಅದನ್ನೂ ಒಂದು ತುಕಡಿ ಅಂತ ಹಿಡೀರಿ. ಲಿಂಗಸುಗೂರು, ದೇವದುರ್ಗ, ಹೊಸಪೇಟೆ ಮಂದಿ ಇನ್ನೂ ಯಾರೂ ಬರೆದಿಲ್ಲ, ನಿಮ್ಮ ಪಿನ್ ಒಡದು ಹಾಕ್ರಿ.